ಇನ್ಸುಲಿನ್ ಬಂದ್ ಮಾಡ್ಲೇನು ಅಂತ ಕೇಳಿದ ತಂಗಿಗೆ, ಮೊದ್ಲು ಆ ರಾತ್ರಿ ಏನಾತು ನೋಡೂಣು

ಪ್ರಶ್ನೆ: ಸಿಸ್ಟರ್ ನಮಸ್ಕಾರ ರೀ. ನಮ್ಮದು ಸಿಂಧನೂರು ತಾಲೂಕಿನಾಗ ಒಂದು ಹಳ್ಳಿ. ನಮ್ಮಪ್ಪಗ 61 ವಯಸ್ಸು, 9 ವರ್ಷದಿಂದ ಶುಗರ್ ಐತಿ, ಗುಳಿಗಿ ಮ್ಯಾಲೆ ಇದ್ರು. ಭತ್ತದ ಗದ್ಯಾಗ ಅಂಗಾಲಿಗೆ ಏನೋ ಚುಚ್ಚಿ ಕೀವಾಗಿ ಅಡ್ಮಿಟ್ ಮಾಡಿದ್ವಿ, ಶುಗರ್ 400 ದಾಟಿತ್ತು. 8 ದಿನ ಇಟ್ಕೊಂಡು ಇನ್ಸುಲಿನ್ ಹಚ್ಚಿ ಕಳ್ಸಿದ್ರು, ಮುಂಜಾನಿ ರಾತ್ರಿ ಎರಡು ಸಲ. ಡಿಸ್ಚಾರ್ಜ್ ಟೈಮಿಗೆ ಒಬ್ರು ನರ್ಸ್ ಐದು ನಿಮಿಷದಾಗ ಎಲ್ಲ ಹೇಳಿದ್ರು, ಅರ್ಧ ತಿಳೀಲಿಲ್ಲ. ಮನೀಗೆ ಬಂದ ಐದನೇ ದಿನ ರಾತ್ರಿ ಎರಡು ಗಂಟೇಕ ಮೈಯೆಲ್ಲ ಬೆವತು ಏನೇನೋ ಮಾತಾಡಾಕ ಹತ್ತಿದ್ರು, ಅಜ್ಜಿ ಗಾಳಿ ಸೋಕೈತಿ ಅಂತ ಭಂಡಾರ ಹಚ್ಚಿದ್ಲು, ನಾ ಸಕ್ರಿ ಹಾಕಿ ಚಾ ಕುಡಿಸಿದೆ, ಸುಧಾರಿಸಿಕೊಂಡ್ರು. ಈಗ ಎರಡು ದಿನದಿಂದ ಇನ್ಸುಲಿನ್ ಬ್ಯಾಡ ಅಂತಾರ, ಅಣ್ಣನೂ ಬಂದ್ ಮಾಡು, ಒಮ್ಮೆ ಹಚ್ಚಿದ್ರ ಕಿಡ್ನಿ ಹೋಗ್ತಾವ ಅಂತಾನ. ಬಂದ್ ಮಾಡ್ಲೇನು? ಮನ್ಯಾಗ ಫ್ರಿಜ್ ಇಲ್ಲ, ಬಾಜೂ ಮನ್ಯಾಗ ಇಟ್ಟೀವಿ. ಕಾಲು ಬಿಸಿನೀರಾಗ ಇಡಬೌದೇನು? ಹುಣ್ಣಿಮಿಗೆ ಹುಲಿಗಿಗೆ, ಹುಲಿಗೆಮ್ಮನ ಗುಡಿಗೆ, ನಡ್ಕೊಂಡು ಹೋಗ್ತೀನಿ ಅಂತ ಹರಕಿ ಬ್ಯಾರೆ ಹೊತ್ತಾರ.

ಉತ್ತರ:

ತಂಗಿ, ಆ ರಾತ್ರಿ ನೀ ಸಕ್ರಿ ಚಾ ಕುಡಿಸಿದ್ದು ಭಾಳ ಚಲೋ ಕೆಲ್ಸ ಆತು. ನೀ ಹೇಳಿದ್ದು ನೋಡಿದ್ರ ಅದು ಲೋ ಶುಗರ್, ಅಂದ್ರ ರಕ್ತದಾಗ ಸಕ್ರಿ ಭಾಳ ಇಳದಿದ್ದು. ಅಜ್ಜಿನ್ನ ಬೈಬ್ಯಾಡ ಮತ್ತ, ನಡುರಾತ್ರ್ಯಾಗ ಮೈ ತಣ್ಣಗಾಗಿ ಬೆವರು ಹರದು ಮಕ್ಕಳ ಗುರ್ತಾನೂ ಸಿಗದಂಗ ಮಾತಾಡಿದ್ರ ಯಾರಿಗಾದ್ರೂ ಗಾಳಿ ಅನ್ನಿಸ್ತೈತಿ, ನಮ್ಮ ವಾರ್ಡಿಗೂ ಎಷ್ಟೋ ಮಂದಿ ಮೊದ್ಲು ತಾಯತ ಕಟ್ಟಿಸ್ಕೊಂಡು ಆಮ್ಯಾಲ ಬಂದವ್ರ ಇದ್ರು. ಭಂಡಾರ ಹಚ್ಚಲಿ ಬೇಕಾದ್ರ, ಆದ್ರ ಅಷ್ಟ್ರಾಗ ಸಕ್ರಿ ಬಾಯಿಗೆ ಹೋಗಿರ್ಬೇಕು.

ಈಗ ನಿನ್ನ ಪ್ರಶ್ನಿ. ಬಂದ್ ಮಾಡಬ್ಯಾಡ. ಆದ್ರ ಮೊನ್ನೆ ಹಾಕ್ತಿದ್ದ ಡೋಸನ್ನ ಕಣ್ಣು ಮುಚ್ಕೊಂಡು ಇವತ್ತ ರಾತ್ರಿ ಮತ್ತ ಚಾಲೂ ಮಾಡೂದೂ ಬ್ಯಾಡ. ಕಾಲಾಗ ಗಾಯ ಇಟ್ಕೊಂಡು ಎರಡು ದಿನ ಇನ್ಸುಲಿನ್ ಇಲ್ದ ಕುಂತಾರ ಅಂದ್ರ ಶುಗರ್ ಏರಿರ್ತೈತಿ ಅಂತ ನನಗ ಅನ್ನಿಸ್ತೈತಿ. ಹಂಗಾಗಿ ಇವತ್ತ ಒಂದ್ಸಲ ಶುಗರ್ ಚೆಕ್ ಮಾಡ್ಸು, ಮೀಟರ್ ಇಲ್ಲಂದ್ರ ಊರಾಗಿನ ಆರೋಗ್ಯ ಕೇಂದ್ರಕ್ಕ ಕರ್ಕೊಂಡು ಹೋಗು, ಅಲ್ಲೆ ಬೆರಳು ಚುಚ್ಚಿ ನೋಡ್ತಾರ, ಆಶಾ ಕಾರ್ಯಕರ್ತೆಗೆ ಹೇಳಿದ್ರ ಜೋಡಿ ಬರ್ತಾಳ. ಆ ನಂಬರ್ ತಗೊಂಡು, ಡಿಸ್ಚಾರ್ಜ್ ಚೀಟಿ ತಗೊಂಡು, ಇನ್ಸುಲಿನ್ ಬರೆದ ಡಾಕ್ಟರಿಗೆ ಇವತ್ತ ಇಲ್ಲ ನಾಳೆ ಮುಂಜಾನಿ ತೋರ್ಸು, ರಾತ್ರಿ ಲೋ ಆಗಿತ್ತು ಅಂತ ಬಾಯಿಬಿಟ್ಟು ಹೇಳು. ಡೋಸ್ ಎಷ್ಟು ಕಡಿಮಿ ಮಾಡ್ಬೇಕು ಅಂತ ನಾ ಇಲ್ಲೆ ಕುಂತು ಹೇಳಂಗಿಲ್ಲ, ಹೇಳಲೂಬಾರ್ದು. ಶುಗರ್ 300ರ ಮ್ಯಾಲೆ ಐತಿ, ಅದರ ಜೋಡಿ ವಾಂತಿ, ಹೊಟ್ಟಿ ನೋವು, ಜೋರು ಉಸಿರು, ಮಂಪರು ಏನರ ಕಂಡ್ರ ನಾಳೆ ತನಕ ಕಾಯಬ್ಯಾಡ, ಇವತ್ತ ದೊಡ್ಡ ದವಾಖಾನಿಗೆ ಹೊಂಡು.

ಡಾಕ್ಟರ್ ಹತ್ರ ಹೋಗೂಕಿಂತ ಮೊದ್ಲು ನೀ ಒಂದು ಕೆಲ್ಸ ಮಾಡ್ಬೇಕು ನೋಡು, ಲೋ ಯಾಕ ಆತು ಅಂತ ಮನ್ಯಾಗ ಹುಡುಕ್ಬೇಕು. ಲೋ ಆತು ಅಂದ ಕೂಡ್ಲೆ ಎಲ್ಲಾರೂ ಇನ್ಸುಲಿನ್ ಕೆಟ್ಟದ್ದು ಅಂತಾರ, ಆದ್ರ ನಾ ಇಪ್ಪತ್ತು ವರ್ಷ ಮೆಡಿಕಲ್ ವಾರ್ಡಿನಾಗ ದುಡದಾಕಿ, ಲೋ ಆಗಿ ಬಂದವ್ರ ಮನೀ ಕತಿ ಕೇಳಿದ್ರ ಹೆಚ್ಚಿನ ಸಲ ಬ್ಯಾರೆನ ಏನೋ ಸಿಗ್ತಿತ್ತು.

ಮೊದ್ಲನೇದು ಊಟ. ಎರಡು ಹೊತ್ತು ಕೊಡೂದು ಅಂದ್ರ ಬಹುತೇಕ ಮಿಕ್ಸ್ ಇನ್ಸುಲಿನ್ ಇರ್ತೈತಿ, ಬಾಟ್ಲಿ ಮ್ಯಾಲೆ 30/70 ಅಂತ ಬರ್ದಿರ್ತೈತಿ, ಹಾಲಿನಂಗ ಮಬ್ಬು ಇರ್ತೈತಿ. ಅದನ್ನ ಹಾಕ್ಕೊಂಡ ಅರ್ಧ ತಾಸಿಗೆ ಊಟ ಮಾಡ್ಲೇಬೇಕು. ಇಲ್ಲೆ ನಂದ ಒಂದು ತಪ್ಪು ಹೇಳ್ತೀನಿ ಕೇಳು. ನಾ ಹೊಸದಾಗಿ ಕೆಲ್ಸಕ್ಕ ಸೇರಿದಾಗ ಒಬ್ಬ ರೈತ ಅಣ್ಣಾರಿಗೆ ಮುಂಜಾನಿ ನಾಷ್ಟಾಕ್ಕ ಅರ್ಧ ತಾಸು ಮೊದ್ಲು ಹಾಕ್ಕೋರಿ ಅಂತ ಹೇಳಿ ಕಳ್ಸಿದ್ದೆ. ಅವ್ರು ಏಳಕ್ಕ ಸೂಜಿ ಹಾಕ್ಕೊಂಡು ಬುತ್ತಿ ಕಟ್ಕೊಂಡು ಹೊಲಕ್ಕ ಹೋಗಿ, ದನಕ್ಕ ಮೇವು ಹಾಕಿ, ನೀರು ಕಟ್ಟಿ, ಹತ್ತೂವರಿಗೆ ಬುತ್ತಿ ಬಿಚ್ಚಾಕ ಕುಂತಾಗ ಅಲ್ಲೆ ಬದುವಿನ ಮ್ಯಾಲೆ ಬಿದ್ದಿದ್ರು. ತಪ್ಪು ಅವ್ರದ್ದಲ್ಲ, ಅವ್ರ ನಾಷ್ಟಾ ಎಷ್ಟೊತ್ತಿಗೆ ಅಂತ ನಾನ ಕೇಳಿದ್ದಿಲ್ಲ, ನನ್ನ ತಲ್ಯಾಗ ಎಂಟು ಗಂಟೆ ಅಂದ್ರ ನಾಷ್ಟಾ ಟೈಮು ಅಷ್ಟ. ಅದಕ್ಕ ನಿಮ್ಮಪ್ಪ ಆವತ್ತ ರಾತ್ರಿ ಸೂಜಿ ಹಾಕ್ಕೊಂಡು ಎಷ್ಟೊತ್ತಿಗೆ ಉಂಡ್ರು, ಎಷ್ಟು ಉಂಡ್ರು, ಬಾಯಿ ಕಹಿ ಅಂತ ಅರ್ಧ ರೊಟ್ಟಿ ತಿಂದು ಮಲಗಿದ್ರೇನು, ಸೋಮವಾರ ಗುರುವಾರ ಅಂತ ಒಂದ್ಹೊತ್ತು ಇದ್ರೇನು, ಇವನ್ನೆಲ್ಲ ಕೇಳು.

ಎರಡನೇದು ಸಿರಿಂಜು. ಇದು ಭಾಳ ಮಂದಿಗೆ ಗೊತ್ತಿಲ್ಲ. ನಮ್ಮ ದೇಶದಾಗ ಬಾಟ್ಲಿ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟು, ಅದಕ್ಕ ಕೆಂಪು ಟೊಪಗಿ ಸಿರಿಂಜು. ಆದ್ರ ಎಂಎಲ್‌ಗೆ 100 ಯೂನಿಟ್ಟಿನ ಬಾಟ್ಲಿನೂ ಅದಾವ, ಇನ್ಸುಲಿನ್ ಪೆನ್ನಿಗೆ (ಪೆನ್ನಿನಂಗ ಇರೋ ಸೂಜಿಗೆ) ಹಾಕೋ ಕಾರ್ಟ್ರಿಡ್ಜ್ ಹೆಚ್ಚಾಗಿ 100ರವ, 100ರ ಸಿರಿಂಜಿಗೆ ಕೇಸರಿ ಟೊಪಗಿ. ಈಗ ಯಾರರ 100ರ ಇನ್ಸುಲಿನ್ ತಗೊಂಡು ಕೆಂಪು ಟೊಪಗಿ ಸಿರಿಂಜಿನಾಗ 20 ಗೆರಿ ತನಕ ಎಳೆದ್ರು ಅಂದ್ರ ಮೈಯಾಗ ಹೋಗೂದು 50 ಯೂನಿಟ್ಟು, ಎರಡೂವರಿ ಪಟ್ಟು. ಉಲ್ಟಾ ಆದ್ರ, ಅಂದ್ರ 40ರ ಇನ್ಸುಲಿನ್ನ ಕೇಸರಿ ಸಿರಿಂಜಿನಾಗ 20 ಎಳೆದ್ರ, ಹೋಗೂದು ಬರೀ 8 ಯೂನಿಟ್ಟು, ಶುಗರ್ ಯಾಕ ಇಳಿವಲ್ದು ಅಂತ ತಲಿ ಕೆಡಿಸ್ಕೊಂಡು ಕುಂದ್ರತಾರ. ದವಾಖಾನ್ಯಾಗ ಕೊಟ್ಟ ಬಾಟ್ಲಿ ಒಂದು, ಆಮ್ಯಾಲ ನಿಮ್ಮಣ್ಣ ಮೆಡಿಕಲ್ ಶಾಪಿನಾಗ ತಂದ ಸಿರಿಂಜು ಇನ್ನೊಂದು ಅಂತ ಏನರ ಆಗೇತೇನು, ಬಾಟ್ಲಿ ಮ್ಯಾಲಿನ ನಂಬರು ಸಿರಿಂಜಿನ ಮ್ಯಾಲಿನ ನಂಬರು ಎರಡೂ ಹಿಡ್ದು ನೋಡು. ಒಂದ ಇರ್ಬೇಕು.

ಮೂರನೇದು ಹಳೇ ಗುಳಿಗಿ. ಡಾಕ್ಟರ್ ಇನ್ಸುಲಿನ್ ಹಚ್ಚಿದಾಗ ಕೆಲವು ಗುಳಿಗಿ ನಿಲ್ಸಿರ್ತಾರ, ಆದ್ರ ಮನ್ಯಾಗ ಹಳೇ ಡಬ್ಬ್ಯಾಗ ಇನ್ನೂ ಇರ್ತಾವಲ್ಲ, ಸುಮ್ಮನ ಯಾಕ ಕೆಡಿಸ್ಬೇಕು ಅಂತ ಅದನ್ನೂ ನುಂಗ್ತಾರ. ಗ್ಲಿಮಿಪಿರೈಡ್ ಅನ್ನೋ ಗುಳಿಗಿ ಅಂತೂ ಇನ್ಸುಲಿನ್ ಜೋಡಿ ಕೂಡಿದ್ರ ಲೋ ಆಗೂದು ಹೆಚ್ಚು, ಆಗಿದ್ದು ಒಮ್ಮೆ ಸರಿಹೋದ್ರೂ ಕೆಲವು ತಾಸು ಬಿಟ್ಟು ಮತ್ತ ಲೋ ಆಗಬೌದು. ಮನ್ಯಾಗಿನ ಗುಳಿಗಿ ಎಲ್ಲ, ಬಿಪಿದೂ ಸೇರಿ, ಒಂದು ಚೀಲದಾಗ ಹಾಕ್ಕೊಂಡು ಡಾಕ್ಟರ್ ಟೇಬಲ್ ಮ್ಯಾಲೆ ಸುರಿ.

ಇವ್ಯಾವೂ ಅಲ್ಲ ಅಂದ್ರ ನಾಲ್ಕನೇದು, ನನ್ನ ಅಂದಾಜಿಗೆ ನಿಮ್ಮನ್ಯಾಗ ಆಗಿದ್ದು ಇದೂ ಇರಬೌದು. ಕೀವು, ಜ್ವರ ಇದ್ದಾಗ ಮೈಗೆ ಇನ್ಸುಲಿನ್ ಭಾಳ ಬೇಕಾಗ್ತೈತಿ, ಆ ಟೈಮಿನಾಗ ಲೆಕ್ಕ ಹಾಕಿದ ಡೋಸು ಅದು. ಕೀವು ತಗದು ಆಂಟಿಬಯೋಟಿಕ್ ಹೋಗಿ ಗಾಯ ಒಣಗಾಕ ಹತ್ತಿದ್ರ ಮೈಗೆ ಅಷ್ಟು ಬೇಕಾಗಂಗಿಲ್ಲ, ಡೋಸ್ ಮಾತ್ರ ಚೀಟ್ಯಾಗ ಹಂಗ ಇರ್ತೈತಿ. ಅಂದ್ರ ಲೋ ಆಗಿದ್ದು ಒಂದು ಲೆಕ್ಕದಾಗ ಸುಧಾರಿಸಾಕ ಹತ್ಯಾರ ಅನ್ನೋ ಸುದ್ದಿನೂ ಇರಬೌದು. ಇದನ್ನ ನಿಮ್ಮಪ್ಪಗ ಹೇಳು, ಅವ್ರಿಗೆ ಅಂಜಿಕಿ ಹೋಗ್ತೈತಿ.

ಕಿಡ್ನಿ ಮಾತು. ಕಿಡ್ನಿ ಕೆಡಿಸೂದು ವರ್ಷಗಟ್ಟಲೆ ಏರಿದ ಶುಗರ್ರು, ಏರಿದ ಬಿಪಿ. ಮಂದಿ ಹಿಂಗ್ಯಾಕ ಅಂತಾರ ಅಂದ್ರ, ಕಿಡ್ನಿ ಸೋಲಾಕ ಹತ್ತಿದಾಗ ಡಾಕ್ಟರು ಕೆಲವು ಗುಳಿಗಿ ಬಿಡಿಸಿ ಇನ್ಸುಲಿನ್ ಹಚ್ತಾರ, ಊರಿನವ್ರ ಕಣ್ಣಿಗೆ ಮೊದ್ಲು ಸೂಜಿ ಕಾಣ್ತೈತಿ ಆಮ್ಯಾಲ ಡಯಾಲಿಸಿಸ್ ಕಾಣ್ತೈತಿ, ಸೂಜಿಯಿಂದನ ಆತು ಅಂತ ಗಂಟು ಹಾಕ್ತಾರ. ಇನ್ನ ಒಮ್ಮೆ ಹಚ್ಚಿದ್ರ ಸಾಯೂತನ ಬಿಡಾಕ ಬರಂಗಿಲ್ಲ ಅಂತ ಮಂದಿ ಅನ್ನೂದು, ಗಾಯಕ್ಕಂತ ಹಚ್ಚಿದ ಇನ್ಸುಲಿನ್ ಎಷ್ಟೋ ಮಂದಿಗೆ ಗಾಯ ಮಾಯ್ದ ಮ್ಯಾಲೆ ಡಾಕ್ಟರ ಬಿಡಿಸ್ಯಾರ, ಕೆಲವ್ರಿಗೆ ಬಿಡಾಕ ಬರಂಗಿಲ್ಲ, ಅದು ಅವ್ರ ಮೈ ಮ್ಯಾಲೆ. ನಿಮ್ಮಣ್ಣಗ ಕುಂದ್ರಿಸಿ ಇಷ್ಟು ಹೇಳು, ಜಗಳ ಬ್ಯಾಡ.

ಮತ್ತ ಲೋ ಆದ್ರ ಏನ್ ಮಾಡ್ಬೇಕು ಅನ್ನೂದು ಮನೀ ಮಂದಿಗೆಲ್ಲ ಗೊತ್ತಿರ್ಬೇಕು, ಅಜ್ಜಿಗೂ. ಕೈ ನಡುಗೂದು, ತಣ್ಣನ ಬೆವರು, ಎದಿ ಡವಡವ, ಒಮ್ಮಿಗಲೆ ಹಸಿವು, ಸಿಟ್ಟು, ಮಾತು ತೊದಲೂದು. ಮೀಟರ್ ಇದ್ರ ನೋಡು, 70ರ ಕೆಳಗಿದ್ರ ಲೋ, ಮೀಟರ್ ಇಲ್ಲಂದ್ರ ಅದರ ಸಂಬಂಧ ಓಡಾಡಬ್ಯಾಡ, ಲೋ ಅಂತನ ತಿಳ್ಕೊಂಡು ಅರ್ಧ ಗ್ಲಾಸ್ ನೀರಾಗ ಮೂರು ಸಣ್ಣ ಚಮಚ ಸಕ್ರಿ ಕಲಸಿ ಕುಡಿಸು. ಚಾ ಮಾಡಾಕ ಒಲಿ ಹಚ್ಚೂ ಹೊತ್ತಿನಾಗ ಸಕ್ರಿ ನೀರು ಕೆಲ್ಸ ಮಾಡಿರ್ತೈತಿ. ಬಿಸ್ಕಿಟ್ಟು, ಹಾಲು ಇವು ತಡ. ಹದಿನೈದು ನಿಮಿಷ ಬಿಟ್ಟು ಮತ್ತ ನೋಡು, ಇನ್ನೂ ಕಡಿಮಿ ಇದ್ರ ಇನ್ನೊಮ್ಮೆ ಅಷ್ಟ ಕೊಡು, ಸುಧಾರಿಸಿದ ಮ್ಯಾಲೆ ಒಂದು ರೊಟ್ಟಿನೋ ಸ್ವಲ್ಪ ಅನ್ನನೋ ಉಣ್ಣಿಸು, ಇಲ್ಲಂದ್ರ ಮತ್ತ ಇಳೀತೈತಿ. ಮತಿ ತಪ್ಪಿದ್ರ ಮಾತ್ರ ಬಾಯಿಗೆ ಏನೂ ಹಾಕಬ್ಯಾಡ, ಸಕ್ರಿ ನೀರೂ ಬ್ಯಾಡ, ಉಸಿರಿನ ನಳಿಗ್ಯಾಗ ಹೋಗ್ತೈತಿ. ಒಂದು ಮಗ್ಗಲಿಗೆ ಮಲಗಿಸಿ 108ಕ್ಕ ಫೋನ್ ಹಚ್ಚು. ಒಂದು ಪುಡಿ ಸಕ್ರಿ ಪೊಟ್ಟಣ ಅವ್ರ ಅಂಗಿ ಕಿಸೆದಾಗ ಯಾವಾಗ್ಲೂ ಇರ್ಲಿ, ಹೊಲಕ್ಕ ಹೋದ್ರೂ. ಲೋ ಆದ ರಾತ್ರಿ ಆದ ಮ್ಯಾಲೆ ಒಂದೆರಡು ದಿನ ನಡುರಾತ್ರಿ ಎರಡು ಮೂರು ಗಂಟೇಕ ಎಬ್ಬಿಸಿ ಚೆಕ್ ಮಾಡು, ಬೈತಾರ, ಬೈಸ್ಕೋ.

ಈಗ ಆ ಐದು ನಿಮಿಷದ ಮಾತಿಗೆ ಬರ್ತೀನಿ. ಆ ನರ್ಸಮ್ಮನ್ನ ನಾ ಬೈಯಂಗಿಲ್ಲ, ಒಂದು ವಾರ್ಡಿಗೆ ಒಬ್ಬಾಕಿ, ನಾಲ್ಕು ಡಿಸ್ಚಾರ್ಜ್, ಮೂರು ಹೊಸಾ ಅಡ್ಮಿಷನ್ ಇದ್ರ ನಾನೂ ಹಂಗ ಮಾಡೀನಿ. ಎಲ್ಲಾ ಹೇಳಿ ಕೊನೀಗೆ ತಿಳೀತೇನ್ರಿ ಅಂತ ಕೇಳ್ತೀವಿ, ಎದುರಿಗಿದ್ದವ್ರು ಹೂಂ ಅಂತಾರ. ನಮ್ಮ ಕಡೆ ಮಂದಿ ದವಾಖಾನ್ಯಾಗ ಹೂಂ ಅನ್ನೂದು ತಿಳದು ಅಲ್ಲ, ಮರ್ಯಾದಿಗೆ. ಅದಕ್ಕ ಈಗ ನೀ ಮನ್ಯಾಗ ಮಾಡ್ಬೇಕಾದ್ದು, ಅಪ್ಪಗ ತಿಳೀತೇನು ಅಂತ ಕೇಳಬ್ಯಾಡ, ನಾಳೆ ನಾ ಗಂಡನ ಮನೀಗೆ ಹೋದ್ರ ನೀ ಹೆಂಗ ಹಾಕ್ಕೊಳ್ತಿ ತೋರ್ಸು ಅಂತ ಸಿರಿಂಜು ಕೈಯಾಗ ಕೊಡು. ಆಗ ಎಲ್ಲ ಹೊರಗ ಬರ್ತೈತಿ. ಗೆರಿ ಕಾಣವಲ್ದು ಅಂತ ಕಣ್ಣು ಕಿರಿದು ಮಾಡಿದ್ರ ಕಣ್ಣಿನ ತೊಂದರಿ ಐತಿ, ಆಗ ಎಳೆದು ಕೊಡೂದು ನಿನ್ನ ಕೆಲ್ಸ, ಹಾಕ್ಕೊಳ್ಳೂದು ಅವ್ರ ಕೆಲ್ಸ. ಕೈ ನಡುಗಿದ್ರ ಡಾಕ್ಟರಿಗೆ ಇನ್ಸುಲಿನ್ ಪೆನ್ ಬರ್ದುಕೊಡಾಕ ಹೇಳು.

ನೋಡ್ಬೇಕಾದ್ದು ಇಷ್ಟ. ಮಬ್ಬು ಇನ್ಸುಲಿನ್ ಬಾಟ್ಲಿನ ಎರಡು ಅಂಗೈ ನಡುವೆ ಹತ್ತಿಪ್ಪತ್ತು ಸಲ ಮೆಲ್ಲಕ ಉರುಳಿಸ್ಬೇಕು, ಟಾನಿಕ್ ಅಲುಗಾಡಿಸಿದಂಗ ಅಲುಗಾಡಿಸಿದ್ರ ಗುಳ್ಳಿ ಬಂದು ಡೋಸ್ ತಪ್ತೈತಿ. ಉರುಳಿಸಿದ ಮ್ಯಾಲೂ ಹೆಪ್ಪು ಹೆಪ್ಪು ಕಂಡ್ರ ಆ ಬಾಟ್ಲಿ ಬಿಸಾಕು. ಎಷ್ಟು ಯೂನಿಟ್ಟೋ ಅಷ್ಟು ಗಾಳಿ ಮೊದ್ಲು ಬಾಟ್ಲ್ಯಾಗ ತುಂಬಿ ಆಮ್ಯಾಲ ಎಳೀಬೇಕು. ಹೊಟ್ಟಿ ಮ್ಯಾಲೆ, ಹೊಕ್ಕಳದಿಂದ ಎರಡು ಬೆರಳು ದೂರ, ಚುಚ್ಚಿ ಒತ್ತಿ ಹತ್ತು ಎಣಿಸಿ ತಗೀಬೇಕು, ತಿಕ್ಕಬಾರ್ದು. ದಿನಾ ಒಂದ ಜಾಗಕ್ಕ ಚುಚ್ಚಿದ್ರ ಅಲ್ಲೆ ಮೆತ್ತನ ಗಡ್ಡಿ ಆಗ್ತೈತಿ, ಅಲ್ಲೆ ನೋವು ಗೊತ್ತಾಗಂಗಿಲ್ಲ ಅಂತ ಮತ್ತ ಅಲ್ಲೆ ಚುಚ್ಕೊಳ್ತಾರ, ಆ ಗಡ್ಡ್ಯಾಗಿಂದ ಔಷಧ ಒಂದಿನ ಬರಂಗಿಲ್ಲ, ಒಂದಿನ ಒಮ್ಮಿಗಲೆ ಬರ್ತೈತಿ. ಒಂದು ಬೆರಳು ಜಾಗ ಬಿಟ್ಟು ಬಿಟ್ಟು ಸರಕೋತ ಹೋಗ್ಬೇಕು. ಮುಗಿದ ಸೂಜಿನ ಗಟ್ಟಿ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ತುಂಬಿದ ಮ್ಯಾಲೆ ಆರೋಗ್ಯ ಕೇಂದ್ರಕ್ಕ ಕೊಡು, ತಿಪ್ಪಿಗೆ ಒಗದ್ರ ಇನ್ನೊಬ್ರ ಕಾಲಿಗೆ ಚುಚ್ತೈತಿ. ಬೆರಳು ಚುಚ್ಚಿ ಶುಗರ್ ನೋಡೂ ಮುಂದ ಸೋಪಿನಿಂದ ಕೈ ತೊಳಿಸು, ಮಾವಿನ ಹಣ್ಣು ತಿಂದ ಕೈಲೆ ನೋಡಿ 380 ಬಂತು ಅಂತ ಗಾಬರಿಯಾಗಿ ಓಡಿಬಂದವ್ರನ್ನ ಕಂಡೀನಿ, ಕೈ ತೊಳದು ನೋಡಿದ್ರ 160!

ಫ್ರಿಜ್ ಇಲ್ಲ ಅನ್ನೂ ಚಿಂತಿ ಬಿಡು. ಬಾಜೂ ಮನೀಗೆ ದಿನಕ್ಕ ಎರಡು ಸಲ ಹೋಗೂದು ಅಂದ್ರ ಒಂದಿನ ಅವ್ರು ಬಾಗಲಾ ಹಾಕ್ಕೊಂಡು ಮದ್ವಿಗೆ ಹೋಗಿರ್ತಾರ, ಅವತ್ತಿನ ಡೋಸ್ ತಪ್ತೈತಿ. ಚಾಲೂ ಇರೋ ಬಾಟ್ಲಿಗೆ ಫ್ರಿಜ್ಜ ಬೇಕು ಅಂತಿಲ್ಲ, 25, ಹೆಚ್ಚಂದ್ರ 30 ಡಿಗ್ರಿ ಒಳಗಿದ್ರ ಸುಮಾರು ನಾಲ್ಕು ವಾರ ಬರ್ತೈತಿ, ಆಮ್ಯಾಲ ಉಳಿದ್ರೂ ಒಗೀಬೇಕು, ಅದಕ್ಕ ತಗದ ದಿನ ಬಾಟ್ಲಿ ಮ್ಯಾಲೆ ತಾರೀಖು ಬರಿ. ಸಮಸ್ಯೆ ನಮ್ಮ ರಾಯಚೂರು ಬಿಸಿಲು, ಬ್ಯಾಸಿಗ್ಯಾಗ 40 ದಾಟಿದಾಗ ತಗಡಿನ ಮನ್ಯಾಗ ಕುಂತ್ರ ನಮಗ ತಡಕೊಳ್ಳಾಕ ಆಗಂಗಿಲ್ಲ, ಇನ್ಸುಲಿನ್ ಎಲ್ಲಿಂದ ತಡೀತೈತಿ. ಒಂದು ಅಗಲ ಬಾಯಿ ಮಣ್ಣಿನ ಗಡಿಗ್ಯಾಗ ಉಸುಕು ಹಾಕಿ, ಉಸುಕಿನ ನಡುವೆ ಇನ್ನೊಂದು ಸಣ್ಣ ಮಣ್ಣಿನ ಕುಡಿಕಿ ಇಟ್ಟು, ಉಸುಕಿಗೆ ಮುಂಜಾನಿ ಸಂಜಿ ನೀರು ಚಿಮುಕಿಸು. ಬಾಟ್ಲಿನ ನೀರು ಹೋಗದಂಗ ಪ್ಲಾಸ್ಟಿಕ್ ಪಾಕೀಟಿನಾಗ ಹಾಕಿ ಒಳಗಿನ ಕುಡಿಕ್ಯಾಗ ಇಟ್ಟು ಮ್ಯಾಲೆ ಹಸಿ ಅರಿವಿ ಮುಚ್ಚು. ನೆರಳಿರ್ಬೇಕು, ಗಾಳಿ ಆಡ್ಬೇಕು, ಟ್ರಂಕಿನಾಗ ಮುಚ್ಚಿಟ್ರ ತಣ್ಣಗಾಗಂಗಿಲ್ಲ. ಒಡೀದ ಹೊಸಾ ಬಾಟ್ಲಿ ಮಾತ್ರ ಬಾಜೂ ಮನ್ಯಾಗ ಇರ್ಲಿ, ಫ್ರಿಜ್ಜಿನ ಬಾಗಲದಾಗೋ ನಡುವಿನ ತಟ್ಯಾಗೋ, ಬರ್ಫಿನ ಪೆಟಗ್ಯಾಗ ಅಲ್ಲ. ಒಮ್ಮೆ ಬರ್ಫ್ ಆದ್ರ ಕರಗಿಸಿ ಹಾಕ್ಕೊಳ್ಳಾಕ ಬರಂಗಿಲ್ಲ, ಕೆಟ್ಟಂಗ. ಬೈಕಿನ ಡಿಕ್ಕ್ಯಾಗ ಇಟ್ಕೊಂಡು ಸಿಂಧನೂರಿಗೆ ಹೋಗಿಬಂದ್ರೂ ಕೆಟ್ಟಂಗ.

ಊಟದ ಬಗ್ಗೆ ನೀ ಕೇಳಿಲ್ಲ, ಆದ್ರೂ ಒಂದು ಮಾತು. ಜೋಳದ ರೊಟ್ಟಿ ತಿಂದ್ರ ಶುಗರ್ ಏರಂಗಿಲ್ಲ ಅಂತ ನಾಲ್ಕು ನಾಲ್ಕು ರೊಟ್ಟಿ ತಿನ್ನವ್ರು ಅದಾರ, ಏರ್ತೈತಿ, ಲೆಕ್ಕ ಇರ್ಲಿ. ಮುಂಜಾನಿ ಬರೀ ಮಂಡಾಳ ಒಗ್ಗರಣಿ ಮಿರ್ಚಿ ಮ್ಯಾಲೆ ಹೊತ್ತು ಕಳೀಬ್ಯಾಡ್ರಿ, ಅದು ಲಗೂನ ಏರಿಸಿ ಲಗೂನ ಹಸಿವು ಮಾಡ್ತೈತಿ. ರೊಟ್ಟಿ, ಬ್ಯಾಳಿ, ಪುಂಡಿಪಲ್ಯ, ದಿನಾ ಅದ ಟೈಮಿಗೆ.

ಕಾಲು. ಬಿಸಿನೀರು ಬ್ಯಾಡ, ಬ್ಯಾಡ, ಬ್ಯಾಡ. ಇಷ್ಟು ವರ್ಷ ಶುಗರ್ ಇದ್ದವ್ರ ಅಂಗಾಲಿನ ನರ ಭಾಳ ಸಲ ಸತ್ತಿರ್ತಾವ, ನೀರು ಸುಡ್ತೈತಿ ಅನ್ನೂದ ಗೊತ್ತಾಗಂಗಿಲ್ಲ, ನಮ್ಮ ವಾರ್ಡಿಗೆ ಬಂದ ಎಷ್ಟೋ ಕಾಲು ಬಿಸಿನೀರಿನ ಬಕೀಟಿನಾಗ ಬೆಂದಿದ್ವು. ಗದ್ಯಾಗ ಚುಚ್ಚಿದ್ದು ನಿಮ್ಮಪ್ಪಗ ಆವತ್ತ ಗೊತ್ತಾತೋ, ಕೀವು ವಾಸನಿ ಬಂದ ಮ್ಯಾಲೆ ಗೊತ್ತಾತೋ, ಕೇಳಿ ನೋಡು. ನೋವಿಲ್ಲ ಅಂತ ಅವ್ರು ಅಂದ್ರ ಅದು ಖುಷಿ ಪಡೂ ಮಾತಲ್ಲ. ಸುಣ್ಣ ಅರಿಷಿಣ, ತಂಬಾಕು, ಕಾಸಿದ ಎಣ್ಣಿ ಯಾವುದೂ ಗಾಯಕ್ಕ ಬ್ಯಾಡ. ಡ್ರೆಸ್ಸಿಂಗ್ ಹೇಳಿದಂಗ ನರ್ಸ್ ಹತ್ರ ಮಾಡ್ಸು. ನಾನು ಎಷ್ಟೋ ಮುಲಾಮು ಬಂದದ್ದು ಹೋದದ್ದು ನೋಡೀನಿ, ಅಂಗಾಲಿನ ಗಾಯ ಮಾಯೂದು ಮುಲಾಮಿನಿಂದ ಅಲ್ಲ, ಅದರ ಮ್ಯಾಲೆ ಭಾರ ಬೀಳದಂಗ ಕುಂತ್ರ. ಪಾಯಖಾನಿಗೆ ಹೋಗೂದು ಬಿಟ್ಟು ಆ ಕಾಲು ಊರಬಾರ್ದು, ಅದಕ್ಕೂ ಕೋಲೋ ವಾಕರ್ರೋ ಇರ್ಲಿ. ಕಾಲುವಿಗೆ ನೀರು ಬಿಟ್ರೂ ಗದ್ದಿಗೆ ಇಳಿಯಂಗಿಲ್ಲ, ನಿಮ್ಮಣ್ಣ ನೋಡ್ಕೊಳ್ಳಲಿ, ಇನ್ಸುಲಿನ್ ಬಂದ್ ಮಾಡು ಅನ್ನೂಕಿಂತ ಇದು ಅವ್ನು ಮಾಡಬೌದಾದ ದೊಡ್ಡ ಉಪಕಾರ.

ಚಲೋ ಇರೋ ಕಾಲನ್ನೂ ದಿನಾ ರಾತ್ರಿ ನೋಡ್ಬೇಕು, ಅಂಗಾಲಿನ ಕೆಳಗ ಕನ್ನಡಿ ಹಿಡದು, ಬೆರಳ ಸಂದಿ ಬಿಡಿಸಿ. ತೊಳದ ಮ್ಯಾಲೆ ಸಂದಿ ಒರೆಸು, ಒಣಗಿ ಬಿರಿದ ಹಿಮ್ಮಡಕ್ಕ ಕೊಬ್ಬರಿ ಎಣ್ಣಿ ಹಚ್ಚು, ಸಂದ್ಯಾಗ ಬ್ಯಾಡ. ಆಣಿನ ಬ್ಲೇಡಿನಿಂದ ಕೊರಿಯಾಕ ಬಿಡಬ್ಯಾಡ. ಮನ್ಯಾಗೂ ಚಪ್ಲಿ, ಹಿಂದ ಪಟ್ಟಿ ಇರೋದು, ಹವಾಯಿ ಚಪ್ಲಿ ಕಳಚಿ ಹೋದ್ರೂ ಅವ್ರಿಗೆ ಗೊತ್ತಾಗಂಗಿಲ್ಲ. ಗಾಯದ ಸುತ್ತ ಕೆಂಪು ಏರಿದ್ರ, ಬಾವು ಬಂದ್ರ, ಕಪ್ಪಾದ್ರ, ವಾಸನಿ ಬಂದ್ರ, ಚಳಿಜ್ವರ ಬಂದ್ರ ಆವತ್ತ ಹೋಗ್ಬೇಕು, ಸೋಮವಾರ ಹೋದ್ರಾತು ಅಂತ ಕುಂದ್ರಬ್ಯಾಡ್ರಿ, ರಾಯಚೂರಿನ ಸರಕಾರಿ ದೊಡ್ಡ ದವಾಖಾನಿ ರಿಮ್ಸ್ ಇರ್ಲಿ, ಬಳ್ಳಾರಿದ್ದು (ಮೊದ್ಲು ವಿಮ್ಸ್ ಅಂತಿದ್ದದ್ದು) ಇರ್ಲಿ, ಎಮರ್ಜೆನ್ಸಿ ರಾತ್ರಿನೂ ತೆರೆದಿರ್ತೈತಿ.

ಇನ್ನ ಹುಲಿಗಿ. ಈ ಹುಣ್ಣಿಮಿಗೆ ಆಗಂಗಿಲ್ಲ ಅಂತ ಅಪ್ಪಗ ಸ್ಪಷ್ಟ ಹೇಳು, ನಡಕೊಂಡಂತೂ ಯಾವ ಹುಣ್ಣಿಮಿಗೂ ಬ್ಯಾಡ, ಬ್ಯಾಸಿಗಿ ಡಾಂಬರ್ ರಸ್ತಾದ ಮ್ಯಾಲೆ ಬರಿಗಾಲಿಲೆ ನಡದು ಅಂಗಾಲು ಪೂರ್ತಿ ಚರ್ಮ ಎದ್ದು ಬಂದವ್ರ ಕಾಲು ನಾ ಕೈಯಾರ ಕಟ್ಟೀನಿ. ನಾನೂ ಅಮ್ಮನ ಒಕ್ಕಲ, ಹರಕಿ ಬಿಡು ಅಂತ ಹೇಳಂಗಿಲ್ಲ. ಗಾಯ ಪೂರ್ತಿ ಮಾಯ್ದು ಡಾಕ್ಟರ್ ಹೂಂ ಅಂದ ಮ್ಯಾಲೆ, ಹುಣ್ಣಿಮಿ ಗದ್ದಲ ಬಿಟ್ಟು ಯಾವುದರ ಸಾದಾ ದಿನ ಬಸ್ಸಿನಾಗ ಹೋಗ್ರಿ, ಬಿಸಿಲು ಏರೂಕಿಂತ ಮೊದ್ಲು, ಕಲ್ಲು ಕಾದಿರಂಗಿಲ್ಲ. ಗುಡಿ ಒಳಗ ಚಪ್ಲಿ ಬಿಟ್ಟಾಗ ದಪ್ಪನ ಬಿಳಿ ಕಾಟನ್ ಸಾಕ್ಸ್ ಹಾಕಿರ್ಲಿ, ಬಿಳೇದ ಯಾಕಂದ್ರ ರಕ್ತ ಬಂದ್ರ ಕಾಣ್ತೈತಿ. ಹೊಳಿ ನೀರಾಗ ಕಾಲು ಇಳಿಸಬ್ಯಾಡ, ತಲಿಗೆ ಚಿಮುಕಿಸ್ಕೊಂಡ್ರ ಸಾಕು. ಬುತ್ತಿ, ಸಕ್ರಿ ಪೊಟ್ಟಣ, ಇನ್ಸುಲಿನ್ ಹಸಿ ಅರಿವ್ಯಾಗ ಸುತ್ತಿ ನಿನ್ನ ಕೈಚೀಲದಾಗ. ಹೊರಗ ಬಂದು ಕಟ್ಟಿ ಮ್ಯಾಲೆ ಕುಂದ್ರಿಸಿ, ಸಾಕ್ಸ್ ಬಿಚ್ಚಿ, ಎರಡೂ ಅಂಗಾಲು ನೋಡಿ, ಆಮ್ಯಾಲ ಬಸ್ಸಿಗೆ ಹತ್ರಿ.